ಸ್ವಂತ ಹೋಸ್ಟಿಂಗ್ ವ್ಯಾಪಾರಕ್ಕೆ ಯಾರ ಸರ್ವರ್ ನಂಬಬಹುದು?

ಪ್ರಶ್ನೆ:
ದಾವಣಗೆರೆಯಲ್ಲಿ ಅಂಗಡಿ, ಶಾಲೆ, ಸಹಕಾರ ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಇನ್ನು ಮುಂದೆ ಹೋಸ್ಟಿಂಗನ್ನೂ (ಸೈಟ್ ಇಡಲು ಸರ್ವರ್ ಜಾಗ) ನನ್ನ ಹೆಸರಿನಲ್ಲೇ ಕೊಡಬೇಕೆಂದಿದ್ದೇನೆ. ನೋಡಿಟ್ಟ ರೀಸೆಲ್ಲರ್ (ಬೇರೆ ಕಂಪನಿಯ ಸರ್ವರ್ ಜಾಗ ಕೊಂಡು ನಮ್ಮ ಹೆಸರಿನಲ್ಲಿ ಮಾರುವ) ಪ್ಲ್ಯಾನ್‌ನಲ್ಲಿ ಅನಿಯಮಿತ ಜಾಗ, 99.9% ಅಪ್‌ಟೈಮ್, ಮೊದಲ ವರ್ಷ ಅರ್ಧ ಬೆಲೆ ಎಂದಿದೆ. ಹಣ ಕಟ್ಟುವ ಮೊದಲು ಏನು ವಿಚಾರಿಸಬೇಕು? ಗ್ರಾಹಕರೆಲ್ಲ ಪರಿಚಯದವರು, ಸೈಟ್ ನಿಂತರೆ ನೇರವಾಗಿ ಮನೆಗೇ ಬರುತ್ತಾರೆ.

ಉತ್ತರ 1:
ಎರಡನೇ ವರ್ಷದ ಬೆಲೆ ಕೇಳಿ. ನೀವು ಗ್ರಾಹಕರಿಗೆ ದರ ಹೇಳಬೇಕಾದದ್ದು ಅದರ ಮೇಲೆ. ಅನಿಯಮಿತ ಜಾಗ ಎಂದವರ ಬಳಿ ಐನೋಡ್ ಮಿತಿ, ಅಂದರೆ ಎಷ್ಟು ಕಡತ ಇಡಬಹುದೆಂಬ ಮಿತಿ, ಎಷ್ಟೆಂದೂ ಕೇಳಿ. ಸಾಮಾನ್ಯವಾಗಿ ಪ್ರತಿ ಕಡತಕ್ಕೂ ಒಂದು ಐನೋಡ್ ಬೇಕು, ಸರ್ವರ್‌ನಲ್ಲಿ ಉಳಿಯುವ ಪ್ರತಿ ಇಮೇಲೂ ಒಂದು ಕಡತವೇ. ಸಂಘದ ಕಚೇರಿಯಲ್ಲಿ ಹಳೆಯ ಇಮೇಲ್ ಅಳಿಸುವವರು ಯಾರು? ಡಿಸ್ಕ್ ಖಾಲಿ ಇದ್ದರೂ ಖಾತೆ ಕಟ್ಟಿಕೊಳ್ಳುತ್ತದೆ.

99.9% ಎಂದರೆ 30 ದಿನಗಳ ತಿಂಗಳಲ್ಲಿ ಸುಮಾರು 43 ನಿಮಿಷ ಸರ್ವರ್ ನಿಂತರೂ ಅವರು ಮಾತಿಗೆ ತಪ್ಪಿದಂತಾಗುವುದಿಲ್ಲ. ತಪ್ಪಿದರೂ ಬಹುತೇಕ ಒಪ್ಪಂದಗಳಲ್ಲಿ ನಿಮಗೆ ಸಿಗುವುದು ಬಾಡಿಗೆಯಲ್ಲಿ ಒಂದಿಷ್ಟು ರಿಯಾಯಿತಿ, ಅಷ್ಟೇ.

ನಾನು ಎಲ್ಲಕ್ಕಿಂತ ಹೆಚ್ಚಾಗಿ ನೋಡುವುದು ಬ್ಯಾಕಪ್. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಹೋಸ್ಟಿಂಗ್ ಕಂಪನಿಯ ಒಂದು ಡೇಟಾ ಸೆಂಟರ್ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅಲ್ಲಿಯೇ ಇಟ್ಟಿದ್ದ ಎಷ್ಟೋ ಗ್ರಾಹಕರಿಗೆ ದತ್ತಾಂಶ ಮರಳಿ ಸಿಗಲಿಲ್ಲ. ಕಂಪನಿ ದೊಡ್ಡದು ಎಂಬ ಧೈರ್ಯ ಸಾಲದು. ಒಂದು ಪ್ರತಿ ಬೇರೆ ಊರಿನಲ್ಲಿ, ಬೇರೆ ಕಂಪನಿಯಲ್ಲಿ, ನಿಮ್ಮ ಸ್ವಂತ ಖಾತೆಯಲ್ಲಿರಲಿ.

ಹಣ ಕಟ್ಟುವ ಮೊದಲೇ ಒಂದು ದಿನ, ರಾತ್ರಿ ಹನ್ನೊಂದರ ಮೇಲೆ, ಆ ಹೋಸ್ಟಿಂಗ್ ಕಂಪನಿಗೊಂದು ಟಿಕೆಟ್ (ಸಹಾಯ ಕೋರಿಕೆ) ಹಾಕಿ: "ಒಬ್ಬ ಗ್ರಾಹಕನ ಡೇಟಾಬೇಸ್ ಮಾತ್ರ ನಿನ್ನೆಯ ಸ್ಥಿತಿಗೆ ತರಬೇಕು. ನಾನೇ ಮಾಡಬಹುದೇ? ಶುಲ್ಕ ಇದೆಯೇ?" ಪ್ರಶ್ನೆ ಓದಿ ಬರೆದ ಉತ್ತರವೋ, ಸಿದ್ಧ ಉತ್ತರವೋ ಎಂಬುದು ಮೊದಲ ಸಾಲಿನಲ್ಲೇ ತಿಳಿಯುತ್ತದೆ.

ಉತ್ತರ 2:
ಹೋಸ್ಟಿಂಗ್ ಖಾತೆಗಳನ್ನು ನಿಭಾಯಿಸುವ ತಂತ್ರಾಂಶವಾದ ಸಿಪ್ಯಾನೆಲ್ ಲೆಕ್ಕವನ್ನೂ ಹಾಕಿ. 2019ರಿಂದ ಅದರ ಪರವಾನಗಿ ಶುಲ್ಕ ಖಾತೆಗಳ ಸಂಖ್ಯೆಗೆ ತಕ್ಕಂತೆ ಏರುತ್ತದೆ. ಇಮೇಲ್ ಹೋಗುವ ಐಪಿ ವಿಳಾಸ (ಸರ್ವರ್‌ನ ಅಂತರ್ಜಾಲ ಸಂಖ್ಯೆ) ಕಸದ ಇಮೇಲ್ ಕಳುಹಿಸುವವರನ್ನು ಗುರುತಿಸುವ ಸ್ಪ್ಯಾಮ್‌ಹೌಸ್ ಪಟ್ಟಿಯಲ್ಲಿದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಅದೇ ಐಪಿಯಲ್ಲಿರುವ ಬೇರೊಬ್ಬ ಕಸ ಕಳುಹಿಸಿದರೂ ನಿಮ್ಮ ಶಾಲೆಯ ಇಮೇಲ್ ಪೋಷಕರಿಗೆ ತಲುಪದೇ ಹೋಗಬಹುದು.

ಪ್ರಶ್ನೆ ಕೇಳಿದವರು:
ಧನ್ಯವಾದ. ಹಾಗಾದರೆ ನಾನೇ ವಿಪಿಎಸ್ (ಪೂರ್ತಿ ನಾವೇ ನಿರ್ವಹಿಸುವ ಬಾಡಿಗೆ ವರ್ಚುವಲ್ ಸರ್ವರ್) ತೆಗೆದುಕೊಂಡು ನಡೆಸಿದರೆ ಹೇಗೆ?

ಉತ್ತರ 1:
ಸದ್ಯಕ್ಕೆ ಬೇಡ ಸರ್. ಭದ್ರತಾ ಪರಿಷ್ಕರಣೆ, ಇಮೇಲ್ ಸರತಿ, ಲಾಗ್ (ಸರ್ವರ್‌ನಲ್ಲಿ ನಡೆದದ್ದರ ದಾಖಲೆ) ಕಾಯುವುದು ಎಲ್ಲವೂ ನಿಮ್ಮ ತಲೆಗೇ ಬರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಸೈಬರ್ ದಾಳಿಯಂಥ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟುಕೊಳ್ಳಬೇಕು. ಒಬ್ಬರೇ ಇರುವಾಗ ಇದು ಭಾರ. ರೀಸೆಲ್ಲರ್ ಪ್ಲ್ಯಾನನ್ನು ತಿಂಗಳ ಲೆಕ್ಕದಲ್ಲಿ ಕೊಂಡು, ಮೊದಲು ನಿಮ್ಮದೇ ಸೈಟ್ ಹಾಕಿ, ಬ್ಯಾಕಪ್‌ನಿಂದ ಅದನ್ನು ಮರಳಿ ತಂದು ನೋಡಿ. ಡೊಮೇನ್‌ಗಳನ್ನು ಮಾತ್ರ ಆಯಾ ಗ್ರಾಹಕರ ಹೆಸರಿನಲ್ಲೇ, ಬೇರೆ ರಿಜಿಸ್ಟ್ರಾರ್ (ಡೊಮೇನ್ ಹೆಸರು ನೋಂದಾಯಿಸುವ ಕಂಪನಿ) ಬಳಿ ನೋಂದಾಯಿಸಿ. ಈ ಹೋಸ್ಟ್ ಕೈಕೊಟ್ಟ ದಿನ ಡಿಎನ್‌ಎಸ್ (ಡೊಮೇನ್ ಯಾವ ಸರ್ವರ್‌ಗೆ ಹೋಗಬೇಕೆಂಬ ಸೂಚನೆ) ಬದಲಿಸಿ ಬೇರೆ ಕಡೆ ಹೋಗಲು ಅವರ ಅಪ್ಪಣೆ ಬೇಕಾಗುವುದಿಲ್ಲ.