ಎರಡು ದಿನ, ಒಂದು ರಾತ್ರಿ: ತುಮಕೂರಿನಿಂದ ಚಿಕ್ಕಬಳ್ಳಾಪುರವೋ, ಕೋಲಾರವೋ?

ಶಿರಾಗೇಟ್:
ಶನಿವಾರ ಬೆಳಗ್ಗೆ ತುಮಕೂರು ಬಿಟ್ಟು ಭಾನುವಾರ ಸಂಜೆ ಮನೆ ಸೇರಬೇಕು. ನಾಲ್ಕು ಜನ, ಸಣ್ಣ ಕಾರು. ಅಮ್ಮನಿಗೆ 68 ವರ್ಷ, ಮಂಡಿ ನೋವು. ಹತ್ತಿಪ್ಪತ್ತು ಮೆಟ್ಟಿಲು ಹತ್ತುತ್ತಾರೆ, ಅದಕ್ಕಿಂತ ಜಾಸ್ತಿ ಆಗಲ್ಲ. ಮಗಳಿಗೆ ಎಂಟು. ಅಮ್ಮನಿಗೆ ದೇವಸ್ಥಾನ ಬೇಕು, ಮಗಳಿಗೆ ಬೆಟ್ಟ ಬೇಕು. ಚಿಕ್ಕಬಳ್ಳಾಪುರ, ಕೋಲಾರ ಎರಡರಲ್ಲಿ ಯಾವುದು ಸರಿ? ಎರಡನ್ನೂ ಸೇರಿಸೋಕೆ ಆಗುತ್ತಾ?

ನಂದಿತಪ್ಪಲು:
ನೀವು ಹೇಳಿದ್ದಕ್ಕೆ ಚಿಕ್ಕಬಳ್ಳಾಪುರವೇ ಸರಿ ಸರ್. 1478 ಮೀಟರ್ ಎತ್ತರದ ನಂದಿ ಬೆಟ್ಟಕ್ಕೆ ಕಾರಲ್ಲೇ ಹತ್ತಬಹುದು. ಪಾರ್ಕಿಂಗ್‌ನಿಂದ ಮುಂದೆ ಏರು ಇದೆ, ಆದರೆ ಡಾಂಬರು ರಸ್ತೆ. ಅಮ್ಮನವರು ಕೂತು ಎದ್ದು ನಿಧಾನಕ್ಕೆ ಬರಬಹುದು. ಹತ್ತಿರದ ಸ್ಕಂದಗಿರಿ ಬೆಟ್ಟ ಮಾತ್ರ ಈ ಸಲ ಬಿಡಿ, ಅದು ಪೂರ್ತಿ ಕಾಲ್ನಡಿಗೆ, ಜೊತೆಗೆ ಮುಂಚೆಯೇ ಆನ್‌ಲೈನ್ ಬುಕಿಂಗ್ ಬೇರೆ.

ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ ಹಿಡಿಯಿರಿ. ಅಲ್ಲಿಂದಲೇ ನಂದಿಗೆ ದಾರಿ ಇದೆ, ದೇವನಹಳ್ಳಿ ಸುತ್ತಬೇಕಿಲ್ಲ. ತುಮಕೂರಿಂದ ಒಟ್ಟು 90 ಕಿ.ಮೀ. ಆಸುಪಾಸು, ಎರಡು ಗಂಟೆ ಇಟ್ಟುಕೊಳ್ಳಿ.

ಶನಿವಾರ ಮೊದಲು ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ದರ್ಶನ ಮಾಡಿಸಿ. ಸುತ್ತಾಡೋ ಜಾಗವೆಲ್ಲ ಸಮತಟ್ಟು, ಹೊಸ್ತಿಲು ಮಾತ್ರ ಎತ್ತರ. ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ ಮೂರೂ ಗುಡಿ ಒಂದೇ ಸಾಲಲ್ಲಿವೆ. ನಡುವಿನ ಕಲ್ಯಾಣ ಮಂಟಪದ ಕಂಬಗಳ ಮುಂದೆ ಮಗಳನ್ನು ನಿಲ್ಲಿಸಿ ಗಿಳಿ ಹುಡುಕು ಅನ್ನಿ. ನುಣುಪಾದ ಕಪ್ಪು ಕಲ್ಲಲ್ಲಿ ಬಳ್ಳಿಯ ಸಂದಿಯಲ್ಲಿ ಕೂತಿವೆ, ಅರ್ಧ ಗಂಟೆ ಅಲ್ಲಾಡಲ್ಲ. ಶೃಂಗಿತೀರ್ಥದ ಕಲ್ಯಾಣಿಯನ್ನು ಅಮ್ಮ ಮೇಲೆ ನಿಂತೇ ನೋಡಲಿ. ಸಂಜೆ ಆವಲಗುರ್ಕಿಯ 112 ಅಡಿ ಆದಿಯೋಗಿ ಶಿವನ ಮೂರ್ತಿ ನೋಡಲು ಹೋಗುವುದಾದರೆ ಬಿಸಿಲಿಳಿದ ಮೇಲೆ ಹೋಗಿ. ವಾರಾಂತ್ಯದಲ್ಲಿ ಜನ ಜಾಸ್ತಿ, ಗಾಡಿಯಿಂದ ನಡಿಗೆಯೂ ಜಾಸ್ತಿ.

ರಾತ್ರಿ ಬೆಟ್ಟದ ಮೇಲೆಯೇ ರೂಮ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ರೂಮ್‌ಗಳಿವೆ, ಇವತ್ತೇ ವಿಚಾರಿಸಿ. ಕೆಳಗೆ ಉಳಿದರೆ ಭಾನುವಾರ ನಸುಕಿನಲ್ಲಿ ಬೆಂಗಳೂರಿನ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತೀರಿ, ಸೂರ್ಯ ಹುಟ್ಟುವಾಗ ತಿರುವಿನಲ್ಲಿ ಮುಂದಿನ ಗಾಡಿಯ ಬಂಪರ್ ನೋಡುತ್ತಿರುತ್ತೀರಿ. ಸ್ವೆಟರ್, ಅಮ್ಮನಿಗೆ ಕಿವಿ ಮುಚ್ಚುವ ಮಫ್ಲರ್ ಇರಲಿ, ಮೇಲೆ ಗಾಳಿ ಚುಚ್ಚುತ್ತೆ. ಬೆಳಗಿನ ಜಾವ ಮಂಜು ತುಂಬಿದ್ದರೆ ಏಳರವರೆಗೂ ಏನೂ ಕಾಣದೆ ಇರಬಹುದು, ಅವಸರಪಟ್ಟು ಇಳಿಯಬೇಡಿ.

ಇಳಿಯುವ ವಿಷಯಕ್ಕೆ ಒಂದು ಮಾತು. ನಾಲ್ಕು ಜನ ಕೂತ ಸಣ್ಣ ಕಾರು, ಎರಡನೇ ಗೇರಿನಲ್ಲೇ ಇಳಿಸಿ. ಮೂರು-ನಾಲ್ಕರಲ್ಲಿ ಬಿಟ್ಟು ಬ್ರೇಕ್ ಒತ್ತುತ್ತಾ ಬಂದರೆ ಪ್ಯಾಡ್ ಕಾದು ಹಿಡಿತ ಸಡಿಲವಾಗುತ್ತೆ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಕಾಲು ಗಂಟೆ ಆರಲು ಬಿಡಿ. ಚಕ್ರಕ್ಕೆ ನೀರು ಹೊಯ್ಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತೆ.

ಕೋಟೆಕೋಲಾರ:
ಅಮ್ಮನ ಮನಸ್ಸು ಮುಖ್ಯ ಅಂದರೆ ಕೋಲಾರಕ್ಕೆ ಬನ್ನಿ ಅಂತೀನಿ. ಕೋಲಾರಮ್ಮನ ಗುಡಿ, ಸೋಮೇಶ್ವರ ಎರಡೂ ಊರೊಳಗೇ ಇವೆ, ಮೆಟ್ಟಿಲ ಕಾಟ ಇಲ್ಲ. ಕೋಲಾರಮ್ಮನದು ಚೋಳರ ಕಾಲದ ಗುಡಿ, ಒಳಗೆ ಚೇಳಮ್ಮನೂ ಇದ್ದಾಳೆ. ಚೇಳಿನ ಕಾಟ ಬೇಡ ಅಂತ ಹರಕೆ ಹೊರುವವರು ಈಗಲೂ ಬರುತ್ತಾರೆ. ಸೋಮೇಶ್ವರ ವಿಜಯನಗರದ ಕಾಲದ್ದು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಹನ್ನೆರಡರೊಳಗೆ ಬಂದುಬಿಡಿ.

ಅಂತರಗಂಗೆ ಊರಿಗೆ ಹತ್ತಿರ ಅಂತ ಎಲ್ಲರೂ ಹೇಳುತ್ತಾರೆ. ಬಸವನ ಬಾಯಿಂದ ನೀರು ಬೀಳುವ ಜಾಗಕ್ಕೆ ಕಲ್ಲು ಮೆಟ್ಟಿಲು ಹತ್ತಲೇಬೇಕು, ಆ ಮಂಡಿಗೆ ಬೇಡ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಕೋತಿ ಬಿಡಲ್ಲ. ಕಮ್ಮಸಂದ್ರದ ಕೋಟಿಲಿಂಗ ಬಂಗಾರಪೇಟೆ ಕಡೆ. 108 ಅಡಿ ಲಿಂಗ, 35 ಅಡಿ ಬಸವ, ಮಗುವಿಗೆ ಖುಷಿ. ಚಪ್ಪಲಿ ಬಿಟ್ಟು ನಡೆಯಬೇಕಾದ್ದರಿಂದ ಮಧ್ಯಾಹ್ನ ಪಾದ ಸುಡುತ್ತೆ, ದಪ್ಪ ಕಾಲುಚೀಲ ಒಯ್ಯಿರಿ. ಬರುವಾಗ ಬಂಗಾರಪೇಟೆಯಲ್ಲಿ ಪಾನಿಪುರಿ ತಿನ್ನದೆ ಹೊರಡಬೇಡಿ, ಪಾನಿ ತಿಳಿನೀರಿನ ಹಾಗಿರುತ್ತೆ, ಖಾರ ಮಾತ್ರ ನೆತ್ತಿಗೇರುತ್ತೆ.

ಕೋಲಾರದ ತೊಡಕು ಅಂದರೆ ದೂರ. ಹಳೇ ಗುಡಿಗಳಿರುವ ಕುರುಡುಮಲೆ, ಆವನಿ ಎರಡೂ ಮುಳಬಾಗಿಲು ಕಡೆ, ಕೋಟಿಲಿಂಗ ಇನ್ನೊಂದು ಕಡೆ. ಎಲ್ಲವೂ ಬೇಕು ಅಂದರೆ ಅಮ್ಮ ದಿನವಿಡೀ ಕಾರಲ್ಲೇ ಕೂರಬೇಕು. ಮಡಚಿದ ಮಂಡಿಗೆ ಮೆಟ್ಟಿಲಿಗಿಂತ ಅದೇ ಹಿಂಸೆ.

ಶಿರಾಗೇಟ್:
ತುಂಬಾ ಉಪಕಾರ. ರಾತ್ರಿ ಬೆಟ್ಟದಲ್ಲಿ ಉಳಿದು, ಭಾನುವಾರ ಕೋಲಾರಮ್ಮನ ದರ್ಶನ ಒಂದು ಮಾಡಿಸಿ ಬರೋಕೆ ಆಗುತ್ತಾ?

ಚಿಂತಾಮಣಿಕ್ರಾಸ್:
ಆಗುತ್ತೆ, ಕೋಟಿಲಿಂಗದ ಆಸೆ ಬಿಟ್ಟರೆ. ಎಂಟಕ್ಕೆ ಬೆಟ್ಟ ಬಿಡಿ. ಚಿಕ್ಕಬಳ್ಳಾಪುರದಲ್ಲಿ ತಿಂಡಿ ಮುಗಿಸಿ ಒಂಬತ್ತಕ್ಕೆ ಹೊರಟರೆ ಶಿಡ್ಲಘಟ್ಟ, ಚಿಂತಾಮಣಿ ಮೇಲೆ ಕೋಲಾರ ಸುಮಾರು 80 ಕಿ.ಮೀ. ಊರೂರಿಗೂ ಹಂಪ್ ಇವೆ, ಎರಡು ಗಂಟೆ ಹಿಡಿಯುತ್ತೆ. ದಾರಿಯಲ್ಲಿ ಕೈವಾರಕ್ಕೆ ಹೊರಳಿದರೆ ಕೋಲಾರಮ್ಮನ ಬಾಗಿಲು ಹಾಕಿರುತ್ತೆ, ಅದನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ. ಚಿಂತಾಮಣಿಯಲ್ಲಿ ಹತ್ತು ನಿಮಿಷ ನಿಲ್ಲಿಸಿ ಅಮ್ಮನನ್ನು ಇಳಿಸಿ ನಡೆಸಿ.

ವಾಪಸ್ ಬರುವಾಗ ಬೆಂಗಳೂರೊಳಗೆ ಹೋಗಲೇಬೇಡಿ. ಹೊಸಕೋಟೆಯಿಂದ ದಾಬಸ್‌ಪೇಟೆಗೆ 80 ಕಿ.ಮೀ. ಹೊಸ ರಿಂಗ್ ರಸ್ತೆ 2024ರಲ್ಲೇ ತೆರೆದಿದೆ, ಸೂಲಿಬೆಲೆ, ದೇವನಹಳ್ಳಿ, ದೊಡ್ಡಬಳ್ಳಾಪುರದ ಪಕ್ಕದಲ್ಲೇ ಹೋಗುತ್ತೆ. ಕೋಲಾರದಿಂದ ತುಮಕೂರಿಗೆ ಒಟ್ಟು 145 ಕಿ.ಮೀ. ಹತ್ತಿರ. ಟೋಲ್ ಇದೆ, ಫಾಸ್ಟ್‌ಟ್ಯಾಗ್‌ನಲ್ಲಿ ದುಡ್ಡು ನೋಡಿಕೊಳ್ಳಿ. ಪೆಟ್ರೋಲು, ಊಟ, ಬಾತ್‌ರೂಮು ಎಲ್ಲ ಕೋಲಾರದಲ್ಲೇ ಮುಗಿಸಿ, ರಿಂಗ್ ರಸ್ತೆಗೆ ಹತ್ತಿದ ಮೇಲೆ ನಿಲ್ಲಿಸೋಕೆ ಜಾಗ ಹುಡುಕೋದು ಕಷ್ಟ. ಭಾನುವಾರ ಸಂಜೆ ಹೊಸಕೋಟೆ ಹತ್ತಿರ ಬೆಂಗಳೂರಿಗೆ ಮರಳುವವರ ಗಾಡಿ ಕಟ್ಟಿಕೊಳ್ಳುತ್ತೆ, ಅದಕ್ಕೇ ಮೂರಕ್ಕೆಲ್ಲ ಕೋಲಾರ ಬಿಡಿ.