ಹಳೇ 996 ತಗೊಂಡಿದ್ದೀನಿ, ಮೊದಲು ಯಾವುದಕ್ಕೆ ಕೈ ಹಾಕಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬಹಳ ವರ್ಷದ ಆಸೆ, ಕೊನೆಗೂ ಒಂದು 2003ರ ಪೋರ್ಷೆ 911 ಕರೆರಾ (996, ಮ್ಯಾನುವಲ್ ಗೇರ್) ಮನೆಗೆ ಬಂತು. ಓಡಿರುವುದು 1,10,000 ಕಿ.ಮೀ. ಸರ್ವಿಸ್ ಪುಸ್ತಕ ಇದೆ, ಆದರೆ ಕೊನೆಯ ನಾಲ್ಕೈದು ವರ್ಷದ ಪುಟಗಳು ಖಾಲಿ. ಓಡಿಸೋಕೆ ಚೆನ್ನಾಗಿದೆ. ಕಣ್ಣಿಗೆ ಬಿದ್ದ ತೊಂದರೆ ಮೂರು. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ ಆಯಿಲ್ ಜಿನುಗಿದೆ. ಬ್ರೇಕ್ ಪೆಡಲ್ ಸ್ವಲ್ಪ ಮೆತ್ತಗಿದೆ. ವಾರ, ಹತ್ತು ದಿನ ನಿಲ್ಲಿಸಿದರೆ ಬ್ಯಾಟರಿ ಸತ್ತಿರುತ್ತದೆ. ಇದರ ಮೇಲೆ ಐಎಂಎಸ್ ಬೇರಿಂಗ್ (ಎಂಜಿನ್ ಒಳಗಿನ ಇಂಟರ್‌ಮೀಡಿಯೆಟ್ ಶಾಫ್ಟನ್ನು ಹಿಡಿದಿರುವ ಬೇರಿಂಗ್) ಬಗ್ಗೆ ಓದಿ ಓದಿ ನಿದ್ದೆ ಬರ್ತಿಲ್ಲ. ಈಗಲೇ ಗೇರ್‌ಬಾಕ್ಸ್ ಇಳಿಸಿ ಬದಲಾಯಿಸಿಬಿಡಲಾ? ಸ್ಪ್ಯಾನರ್ ಹಿಡಿಯೋದು ಅಷ್ಟಿಷ್ಟು ಗೊತ್ತು. ಎಲ್ಲದಕ್ಕೂ ಒಟ್ಟಿಗೆ ದುಡ್ಡು ಇಲ್ಲ. ಇಂಥ ಗಾಡಿ ಇಟ್ಟುಕೊಂಡವರು ನಿಮ್ಮ ಅನುಭವ ಹೇಳಿ.

ಮೊದಲ ಉತ್ತರ

ಅಭಿನಂದನೆ, ಒಳ್ಳೆ ಗಾಡಿ. ನನ್ನ ಹತ್ತಿರವೂ ಇದೇ ಪೀಳಿಗೆಯದು ಇದೆ, ಬಹುಪಾಲು ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ನಾನು ಹೇಳೋದು ಇಷ್ಟೇ: ಭಯಕ್ಕೆ ದುಡ್ಡು ಸುರಿಯುವ ಮೊದಲು, ಒಳಗೆ ಏನಾಗಿದೆ ಅಂತ ನೋಡುವುದಕ್ಕೆ ಸ್ವಲ್ಪ ಖರ್ಚು ಮಾಡಿ. ಈ ಎಂಜಿನ್ ತನ್ನ ಆರೋಗ್ಯ ಹೇಳಿಕೊಳ್ಳುವ ಜಾಗಗಳು ಬೇಕಾದಷ್ಟಿವೆ. ಕೇಳುವವರು ಕಡಿಮೆ.

ಮೊದಲು ಆ ಬೇರಿಂಗ್ ವಿಷಯ. ಕ್ರ್ಯಾಂಕ್‌ಶಾಫ್ಟ್ ತಿರುಗಿದರೆ ಅದರ ಕೆಳಗಿರುವ ಇಂಟರ್‌ಮೀಡಿಯೆಟ್ ಶಾಫ್ಟ್ ಚೈನಿನ ಮೂಲಕ ತಿರುಗುತ್ತದೆ, ಅಲ್ಲಿಂದ ವಾಲ್ವ್ ತೆರೆಯುವ ಎರಡೂ ಬದಿಯ ಕ್ಯಾಮ್‌ಶಾಫ್ಟ್‌ಗಳಿಗೆ ಬೇರೆ ಚೈನು ಹೋಗುತ್ತದೆ. ಫ್ಲೈವೀಲ್ ಕಡೆ ತುದಿಯಲ್ಲಿ ಆ ಶಾಫ್ಟನ್ನು ಹಿಡಿದಿರುವುದು ಸೀಲ್ ಇರುವ ಒಂದು ಬಾಲ್ ಬೇರಿಂಗ್. ವರ್ಷ ಕಳೆದಂತೆ ಅದರೊಳಗಿನ ಗ್ರೀಸ್ ತೊಳೆದುಹೋಗುತ್ತದೆ, ಸೀಲ್ ಅಡ್ಡ ಇರುವುದರಿಂದ ಹೊಸ ಆಯಿಲ್ ಸರಿಯಾಗಿ ಒಳಗೆ ಬರುವುದಿಲ್ಲ. ಸವೆದು ಸವೆದು ಗುಂಡುಗಳು ಪುಡಿಯಾದರೆ ಶಾಫ್ಟ್ ಅಲುಗಾಡುತ್ತದೆ, ಟೈಮಿಂಗ್ ತಪ್ಪುತ್ತದೆ, ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ಅಲ್ಲಿಗೆ ಎಂಜಿನ್ ಮುಗೀತು. ನಿಮ್ಮ 2003ರದ್ದರಲ್ಲಿ ಇರುವುದು ಸಿಂಗಲ್ ರೋ (ಒಂದೇ ಸಾಲು ಗುಂಡಿನ) ಬೇರಿಂಗ್, ಮೊದಲಿನ ಡಬಲ್ ರೋಗಿಂತ ಅದು ದುರ್ಬಲ, ಇದು ಸುಳ್ಳಲ್ಲ. ಅಮೆರಿಕದಲ್ಲಿ 2001ರಿಂದ 2005ರ ಮಾಡೆಲ್‌ಗಳ ಬಗ್ಗೆ ಮಾಲೀಕರು ಹಾಕಿದ ಕೇಸು 2013ರಲ್ಲಿ ರಾಜಿಯಲ್ಲಿ ಮುಗಿಯಿತು. ಆದರೆ ಬಹುಪಾಲು ಬೇರಿಂಗ್‌ಗಳು ಕೆಡದೆ ಓಡುತ್ತಲೇ ಇವೆ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ ಅಷ್ಟೆ. ಇನ್ನೊಂದು ಸಮಾಧಾನ, ನಿಮ್ಮದನ್ನು ಗೇರ್‌ಬಾಕ್ಸ್ ಇಳಿಸಿ ಬದಲಾಯಿಸಬಹುದು. 2006ರ ನಂತರದ ದೊಡ್ಡ ಬೇರಿಂಗ್ ಗಟ್ಟಿ, ಆದರೆ ಅದನ್ನು ತೆಗೆಯಬೇಕಾದರೆ ಎಂಜಿನ್ ಕೇಸನ್ನೇ ಎರಡು ಭಾಗ ಮಾಡಬೇಕು. 2009ರ ಎಂಜಿನ್‌ನಿಂದ ಆ ಶಾಫ್ಟೇ ಇಲ್ಲ.

ಈಗ ನೀವು ಮಾಡಬೇಕಾದ ಮೊದಲ ಕೆಲಸ ಆಯಿಲ್ ಬದಲಾಯಿಸುವುದು, ಯಾಕಂದ್ರೆ ಅಸಲಿ ವಿಷಯ ಹಳೇ ಫಿಲ್ಟರ್‌ನಲ್ಲಿ ಇರುತ್ತದೆ. ಎಂಜಿನ್ ಬಿಸಿ ಇರುವಾಗ ಆಯಿಲ್ ಇಳಿಸಿ. ಫಿಲ್ಟರ್ ಎಸೆಯಬೇಡಿ. ಒಳಗಿನ ಕಾಗದದ ಮಡಿಕೆಗಳನ್ನು ಚೂಪಾದ ಚಾಕುವಿನಿಂದ ಮೇಲೆ, ಕೆಳಗೆ ಎರಡೂ ಅಂಚಿನಲ್ಲಿ ಕತ್ತರಿಸಿ, ಹಾರ್ಮೋನಿಯಂ ತಿದಿಯ ಹಾಗೆ ಉದ್ದಕ್ಕೆ ಬಿಡಿಸಿ, ಆಯಿಲ್ ಹಿಂಡಿ, ಬಿಸಿಲಿಗೆ ಹಿಡಿದು ನಿಧಾನಕ್ಕೆ ವಾಲಿಸಿ ನೋಡಿ. ಪ್ರತಿ ಮಡಿಕೆಯ ತಳ ನೋಡಿ, ಮೇಲ್ಮೈ ಮಾತ್ರ ನೋಡಿದರೆ ಸಾಲದು. ಏನಾದರೂ ಮಿನುಗಿದರೆ ಅದರ ಕೆಳಗೆ ಆಯಸ್ಕಾಂತ ಆಡಿಸಿ. ಅಂಟಿಕೊಂಡರೆ ಕಬ್ಬಿಣದ ಜಾತಿ, ಅಂದರೆ ಬೇರಿಂಗೋ ಚೈನೋ. ಅಂಟದಿದ್ದರೆ ಅಲ್ಯೂಮಿನಿಯಂ ಇರಬಹುದು. ಕಂದು ಇಲ್ಲಾ ಕಪ್ಪು ಪ್ಲಾಸ್ಟಿಕ್ ಚೂರು ಕಂಡರೆ ಚೈನ್ ಉಜ್ಜುವ ಪ್ಯಾಡ್‌ನದ್ದು. ಅದು ಈ ವಯಸ್ಸಿಗೆ ಒಂದೆರಡು ಸಿಗುವುದು ಸಾಮಾನ್ಯ, ಗಾಬರಿ ಬೇಡ. ಒಂದು ಮಾತ್ರ ನೆನಪಿಡಿ: ಉಕ್ಕಿನ ಚೂರು ನಿಜವಾಗಿ ಸಿಕ್ಕಿದರೆ ಆ ಎಂಜಿನ್‌ಗೆ ಹೊಸ ಬೇರಿಂಗ್ ಹಾಕಿಸಿ ಪ್ರಯೋಜನ ಇಲ್ಲ. ಆ ಪುಡಿ ಆಗಲೇ ಎಲ್ಲಾ ಕಡೆ ಸುತ್ತಿರುತ್ತದೆ, ಎಂಜಿನ್ ಬಿಚ್ಚಿ ತೊಳೆಯದೆ ಗತಿ ಇಲ್ಲ.

ಆಯಿಲ್ ಪೋರ್ಷೆಯ ಎ40 ಒಪ್ಪಿಗೆ ಇರುವ 0ಡಬ್ಲ್ಯೂ-40 ತನ್ನಿ, 8 ಲೀಟರ್‌ಗೂ ಜಾಸ್ತಿ ಹಿಡಿಯುತ್ತದೆ. ಆದರೆ "ಇರಲಿ" ಅಂತ ಗುರುತು ದಾಟಿ ಹಾಕಬೇಡಿ. ಹೆಚ್ಚಾದ ಆಯಿಲ್ ಏರ್-ಆಯಿಲ್ ಸೆಪರೇಟರ್ (ಎಂಜಿನ್ ಒಳಗಿನ ಗಾಳಿಯಿಂದ ಆಯಿಲ್ ಬೇರ್ಪಡಿಸುವ ಭಾಗ) ಮೂಲಕ ಇನ್‌ಟೇಕ್‌ಗೆ ಹೋಗುತ್ತದೆ. ಆ ಸೆಪರೇಟರ್ ಒಳಗಿನ ಪೊರೆ ಹರಿದರೂ ಹಾಗೆಯೇ. ಸ್ಟಾರ್ಟ್ ಮಾಡಿದ ತಕ್ಷಣ ಹಿಂದೆ ದಟ್ಟ ಬಿಳಿ ಹೊಗೆ ಎದ್ದು, ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ಬಲವಾಗಿ ಒಳಗೆ ಎಳೆದ ಹಾಗೆ ಬಿಗಿಯಾಗಿದ್ದರೆ ಮೊದಲು ಅದನ್ನೇ ಅನುಮಾನಿಸಿ. ಆಯಿಲ್‌ಗೆ ವರ್ಷ ಇಲ್ಲಾ 10,000 ಕಿ.ಮೀ., ಯಾವುದು ಮೊದಲು ಬರುತ್ತೋ ಅದು. ಕಂಪನಿ ಹೇಳಿದ್ದು ಇದಕ್ಕಿಂತ ಉದ್ದ ಇರಬಹುದು, ಅದು ಹೊಸ ಗಾಡಿಗೆ.

ನನ್ನ ಪ್ರಕಾರ ಐಎಂಎಸ್‌ಗಿಂತ ಜಾಸ್ತಿ ನೋಡಬೇಕಾದ್ದು ಸಿಲಿಂಡರ್ ಗೋಡೆಯ ಗೀರು. ಈ ಎಂಜಿನ್‌ನಲ್ಲಿ ಉಕ್ಕಿನ ಲೈನರ್ ಇಲ್ಲ, ಲೋಕಾಸಿಲ್ ಅನ್ನುವ ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಗೋಡೆ. ಪಿಸ್ಟನ್ ಮೇಲಿನ ಲೇಪ ಹೋದರೆ ಗೋಡೆ ಗೀರಾಗುತ್ತದೆ, ಸಾಮಾನ್ಯವಾಗಿ 6ನೇ ಸಿಲಿಂಡರ್ ಮೊದಲು. ಒಂದು ಕಡೆಯ ಸೈಲೆನ್ಸರ್ ಕೊಳವೆ ಮಾತ್ರ ಜಾಸ್ತಿ ಕಪ್ಪಾಗಿದೆಯಾ, ಬಿಸಿಯಾದ ಮೇಲೆ ಟಿಕ್ ಟಿಕ್ ಅನ್ನುತ್ತದೆಯಾ, ಆಯಿಲ್ ಕುಡಿಯುತ್ತದೆಯಾ, ಈ ಮೂರು ಗಮನಿಸಿ. ಅನುಮಾನ ಬಂದರೆ ಕ್ಯಾಮೆರಾ ತೂರಿಸಿ ನೋಡುವವರನ್ನು ಹುಡುಕಿ. ಸ್ಪಾರ್ಕ್ ಪ್ಲಗ್ ತೂತಿನಿಂದ ಮಾತ್ರ ನೋಡಿ "ಎಲ್ಲಾ ಚೆನ್ನಾಗಿದೆ" ಅಂದರೆ ನಂಬಬೇಡಿ, ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಬಿಚ್ಚಿ ಕೆಳಗಿನಿಂದಲೂ ನೋಡಿಸಿ, ಗೀರು ಶುರುವಾಗೋದು ಅಲ್ಲಿಂದ. ನೀವು ಮಾಡಬಹುದಾದ್ದು ಒಂದಿದೆ: ತಣ್ಣಗಿರುವ ಎಂಜಿನ್ ಮೇಲೆ ಆಕ್ಸಿಲರೇಟರ್ ಒತ್ತಬೇಡಿ. ಕೂಲೆಂಟ್ ಮುಳ್ಳು ಬೇಗ ಮೇಲೇರುತ್ತದೆ, ಆಯಿಲ್ ಬಿಸಿಯಾಗೋದಕ್ಕೆ ಇನ್ನೂ ಹೊತ್ತು ಬೇಕು.

ಜಿನುಗುವ ಆಯಿಲ್? ಒರೆಸಿ, ಕೆಳಗೆ ಬಿಳಿ ರಟ್ಟು ಹಾಸಿ. ಒದ್ದೆ ಮಾತ್ರ ಆದರೆ ಕ್ಲಚ್ ಬದಲಿಸುವವರೆಗೆ ಇರಲಿ ಬಿಡಿ. ರಟ್ಟಿನ ಮೇಲೆ ಹನಿ ಬಿದ್ದರೆ ಕ್ರ್ಯಾಂಕ್ ಹಿಂದಿನ ಸೀಲೋ ಐಎಂಎಸ್ ಮುಚ್ಚಳವೋ ನೋಡಬೇಕು. ಎರಡಕ್ಕೂ ಗೇರ್‌ಬಾಕ್ಸ್ ಇಳಿಸಲೇಬೇಕು.

ಇನ್ನೊಂದು ಉತ್ತರ

ಮೇಲಿನವರು ಹೇಳಿದ್ದಕ್ಕೆ ಬಹುಪಾಲು ಒಪ್ಪಿಗೆ, ಒಂದು ವಿಷಯ ಬಿಟ್ಟು. ಫಿಲ್ಟರ್ ಸ್ವಚ್ಛ ಇದ್ದು ಕ್ಲಚ್ ಸಿಗುವ ಜಾಗ ಪೆಡಲ್‌ನ ತೀರಾ ಮೇಲೆ ಬಂದಿದ್ದರೆ ಕಾಯಬೇಡಿ. ಕ್ಲಚ್, ಹಿಂದಿನ ಸೀಲ್, ಬೇರಿಂಗ್, ಎಲ್ಲಾ ಒಂದೇ ಸಲ ಮಾಡಿಸಿ. ಕೂಲಿ ಒಂದೇ, ಸಾಮಾನಿನ ಖರ್ಚು ಮಾತ್ರ ಬೇರೆ. ಹೆದರಿಕೊಂಡೇ ಓಡಿಸುವುದಾದರೆ ಇಂಥ ಗಾಡಿ ಯಾಕೆ ಬೇಕು, ಅಲ್ವಾ? ಆದರೆ ಆ ಕೆಲಸ ಮೊದಲೇ ಮಾಡಿ ಗೊತ್ತಿರುವ ಕೈಗೇ ಕೊಡಿ. ಬೇರಿಂಗ್ ತೆಗೆಯುವ ಮುಂಚೆ ಕ್ರ್ಯಾಂಕ್ ಲಾಕ್ ಮಾಡಿ, ಕ್ಯಾಮ್ ಹಿಡಿದು, ಚೈನ್ ಬಿಗಿ ಹಿಡಿಯುವ ಟೆನ್ಷನರ್ ಸಡಿಲ ಮಾಡಬೇಕು. "ಅದೆಲ್ಲಾ ಬೇಡ ಸಾರ್, ಹಂಗೇ ತೆಗೀತೀನಿ" ಅಂದ ಕಡೆ ಕೀ ವಾಪಸ್ ತಗೊಂಡು ಬನ್ನಿ.

ಎಲ್ಲರೂ ಎಂಜಿನ್ ಹಿಂದೆ ಬಿದ್ದು ಮೂತಿ ಮರೆಯುತ್ತಾರೆ. ಮುಂದಿನ ಬಂಪರ್‌ನ ಎರಡು ಮೂಲೆಯಲ್ಲಿ ರೇಡಿಯೇಟರ್‌ಗಳಿವೆ, ಅವುಗಳ ಮುಂದೆ ಎಸಿ ಕಂಡೆನ್ಸರ್. ತೆರೆದ ಬಾಯಿಯಿಂದ ಎಲೆ, ಧೂಳು, ಪ್ಲಾಸ್ಟಿಕ್ ಕವರ್ ಎಲ್ಲಾ ಒಳಗೆ ಹೋಗಿ ಮೂಲೆಯಲ್ಲಿ ಕೂರುತ್ತವೆ. ಹೊರಗಿನಿಂದ ಟಾರ್ಚ್ ಬಿಟ್ಟರೆ ಕಾಣೋದು ಅರ್ಧ ಮಾತ್ರ. ಬಂಪರ್ ಬಿಚ್ಚಿ ಕಂಡೆನ್ಸರ್ ಮುಂದಕ್ಕೆ ಸರಿಸಿದರೆ ಹಿಂದೆ ಒದ್ದೆ ಎಲೆ ಗೊಬ್ಬರವಾಗಿ ಅಂಟಿಕೊಂಡಿರುತ್ತದೆ, ಅದು ಅಲ್ಯೂಮಿನಿಯಂ ರೆಕ್ಕೆಗಳನ್ನು ತಿಂದು ಕೂಲೆಂಟ್ ಸೋರುವ ಹಾಗೆ ಮಾಡುತ್ತದೆ. ಮೆತ್ತನೆ ಬ್ರಷ್, ವ್ಯಾಕ್ಯೂಮ್ ಸಾಕು. ಪ್ರೆಷರ್ ವಾಷರ್ ಹತ್ತಿರ ತರಬೇಡಿ, ರೆಕ್ಕೆ ಮಡಚಿಹೋಗುತ್ತದೆ. ಅಲ್ಲೇ ಇರುವಾಗ ಹಿಂದಕ್ಕೂ ಹೋಗಿ ಕೂಲೆಂಟ್ ಟ್ಯಾಂಕ್ ನೋಡಿ. ಅದು ಪ್ಲಾಸ್ಟಿಕ್, ವಯಸ್ಸಾದರೆ ಬಿರುಕು ಬಿಡುತ್ತದೆ. ನೀರಿನ ಪಂಪ್ ಬದಲಾಯಿಸಿದ ದಾಖಲೆ ಇಲ್ಲದಿದ್ದರೆ ಬದಲಾಯಿಸಿಬಿಡಿ, ಅದರ ಪ್ಲಾಸ್ಟಿಕ್ ರೆಕ್ಕೆ ಮುರಿದು ಎಂಜಿನ್‌ನ ನೀರಿನ ದಾರಿಗೆ ಹೋದರೆ ಹುಡುಕುವುದು ತಲೆನೋವು.

ಬ್ರೇಕ್‌ಗೆ ಹೊಸ ಡಾಟ್ 4 ಹಾಕಿಸಿ, ಎರಡು ವರ್ಷಕ್ಕೊಮ್ಮೆ. ಆ ದ್ರವ ಗಾಳಿಯ ತೇವ ಹೀರುತ್ತದೆ. ಡಾಟ್ 4ಗೆ ಹೊಸದಿದ್ದಾಗ ಕುದಿಯುವ ಮಟ್ಟ ಕನಿಷ್ಠ 230 ಡಿಗ್ರಿ ಇರಬೇಕು, ತೇವ ಹೀರಿದ ಮೇಲೆ 155 ಇದ್ದರೂ ಪಾಸು. ಇಳಿಜಾರಿನಲ್ಲಿ ದ್ರವ ಕುದಿದು ಪೆಡಲ್ ನೆಲ ಮುಟ್ಟುವುದು ಹಾಗೇ. ಟೈರಿನ ಗೋಡೆ ಮೇಲಿನ ಕೊನೆಯ ನಾಲ್ಕು ಅಂಕಿ ಓದಿ, 1418 ಅಂತಿದ್ದರೆ 2018ರ 14ನೇ ವಾರ. ಟೈರಿನ ಮೇಲಿನ ಗೆರೆ ಎಷ್ಟೇ ಆಳ ಇರಲಿ, ರಬ್ಬರ್ ಗಟ್ಟಿಯಾಗಿದ್ದರೆ ಈ ಗಾಡಿಯಲ್ಲಿ ಅಪಾಯ, ಭಾರ ಎಲ್ಲಾ ಹಿಂದಿದೆ. ವೀಲ್ ಬೋಲ್ಟ್ 130 ನ್ಯೂಟನ್ ಮೀಟರ್, ಟಾರ್ಕ್ ರೆಂಚ್‌ನಿಂದಲೇ.

ಸಾಮಾನಿನ ವಿಷಯಕ್ಕೆ ಬಂದರೆ, ಪೋರ್ಷೆ ಡಬ್ಬಿಯಲ್ಲಿ ಬರುವುದರಲ್ಲಿ ಎಷ್ಟೋ ಬೇರೆಯವರು ಮಾಡಿಕೊಟ್ಟಿದ್ದು. ಫಿಲ್ಟರ್‌ಗೆ ಮಾನ್, ಮಾಹ್ಲೆ, ಕ್ಲಚ್‌ಗೆ ಸ್ಯಾಕ್ಸ್, ಬ್ರೇಕ್ ಪ್ಯಾಡ್‌ಗೆ ಟೆಕ್ಸ್ಟಾರ್, ಪಾಗಿಡ್ ಕೇಳಿ ನೋಡಿ. ಬೆಲೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಅಗ್ಗದ ಹೆಸರಿಲ್ಲದ ಇಗ್ನಿಷನ್ ಕಾಯಿಲ್ ಮಾತ್ರ ಬೇಡ.

ಮತ್ತೊಬ್ಬರು

ಬ್ಯಾಟರಿ ಬಗ್ಗೆ ಯಾರೂ ಹೇಳಲಿಲ್ಲ. ಹೊಸ ಬ್ಯಾಟರಿ ಹಾಕಿ ಕೈ ತೊಳೆದುಕೊಳ್ಳಬೇಡಿ, ಅದೂ ಸಾಯುತ್ತದೆ. ಒಂದು ಪರೀಕ್ಷೆ ಮಾಡಿ. ಹೊರಗಿನಿಂದ ಬಾಗಿಲ ಹಿಡಿ ಎತ್ತಿದಾಗ ಗಾಜು ಒಂದು ಸೆಂಟಿಮೀಟರ್ ಅಷ್ಟು ಕೆಳಗಿಳಿಯಬೇಕು, ಮುಚ್ಚಿದ ಮೇಲೆ ಮತ್ತೆ ಏರಬೇಕು. ಇಳಿಯದಿದ್ದರೆ, ಇಲ್ಲಾ ಲಾಕ್ ಮಾಡಿದಾಗ ಹಾರ್ನ್ ಪೀಂ ಅಂದರೆ, ಬಾಗಿಲ ಲಾಕ್ ಒಳಗಿನ ಮೈಕ್ರೋಸ್ವಿಚ್ ಕೆಟ್ಟಿರಬಹುದು. ಗಾಡಿ ಬಾಗಿಲು ತೆರೆದಿದೆ ಅಂದುಕೊಂಡು ನಿದ್ದೆಗೇ ಹೋಗುವುದಿಲ್ಲ. ಎಲ್ಲಾ ಮುಚ್ಚಿ ಅರ್ಧ ಗಂಟೆ ಬಿಟ್ಟು ಮೀಟರ್ ಹಾಕಿ, 50 ಮಿಲಿಆಂಪ್‌ಗಿಂತ ಜಾಸ್ತಿ ಎಳೆದರೆ ಒಂದೊಂದೇ ಫ್ಯೂಸ್ ಕಿತ್ತು ಯಾವುದರಲ್ಲಿ ಇಳಿಯುತ್ತೆ ಅಂತ ನೋಡಿ.

ಬ್ಯಾಟರಿ ಇರೋದು ಮುಂದಿನ ಡಿಕ್ಕಿಯಲ್ಲಿ. ಡಿಕ್ಕಿಗೆ ಕೇಬಲ್ ಲಿವರ್ ಇದ್ದರೆ ಚಿಂತೆ ಇಲ್ಲ. ಕರೆಂಟ್ ಬಟನ್‌ನದ್ದಾದರೆ ಬ್ಯಾಟರಿ ಸತ್ತಾಗ ಅದು ತೆರೆಯುವುದೂ ಇಲ್ಲ, ಆಗ ಫ್ಯೂಸ್ ಪೆಟ್ಟಿಗೆಯ ಕೆಂಪು ತುದಿ ಹೊರಗೆಳೆದು ಅಲ್ಲಿ ಪ್ಲಸ್ ಕೊಡಬೇಕು. ಅದು ಎಲ್ಲಿದೆ ಅಂತ ಮಾಲೀಕರ ಕೈಪಿಡಿಯಲ್ಲಿ ಇವತ್ತೇ ನೋಡಿಟ್ಟುಕೊಳ್ಳಿ. ಓಡಿಸದ ದಿನಗಳಲ್ಲಿ ಬ್ಯಾಟರಿ ಮೇಂಟೇನರ್ (ಚಾರ್ಜ್ ಇಳಿಯದ ಹಾಗೆ ಕಾಯುವ ಸಣ್ಣ ಚಾರ್ಜರ್) ಹಾಕಿಡಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ಬ್ರೇಕ್ ದ್ರವ ಕಂದು ಬಣ್ಣಕ್ಕೆ ತಿರುಗಿತ್ತು, ಬದಲಾಯಿಸಿದ ಮೇಲೆ ಪೆಡಲ್ ಗಟ್ಟಿಯಾಯ್ತು. ಬಲಗಡೆ ಬಾಗಿಲ ಗಾಜು ಇಳಿಯುತ್ತಿಲ್ಲ, ಹಾರ್ನೂ ಪೀಂ ಅನ್ನುತ್ತೆ, ಲಾಕ್ ತರಿಸಿದ್ದೀನಿ. ಫಿಲ್ಟರ್ ಬಿಡಿಸಿ ನೋಡಿದೆ. ಎರಡು ಕಂದು ಪ್ಲಾಸ್ಟಿಕ್ ಚೂರು, ಮೂರ್ನಾಲ್ಕು ಸಣ್ಣ ಹೊಳೆಯುವ ಚುಕ್ಕಿ. ಆಯಸ್ಕಾಂತಕ್ಕೆ ಅಂಟಲಿಲ್ಲ. ಈಗ?

ಮೊದಲು ಉತ್ತರಿಸಿದವರು

ಅಂಟಲಿಲ್ಲ ಅಂದರೆ ಬೇರಿಂಗ್ ಅಂತೂ ಪುಡಿಯಾಗುತ್ತಿಲ್ಲ. ನಾಲ್ಕೈದು ವರ್ಷ ಲೆಕ್ಕವಿಲ್ಲದ ಆಯಿಲ್‌ನಲ್ಲಿ ಅಷ್ಟು ಅಲ್ಯೂಮಿನಿಯಂ ನನ್ನ ಕಣ್ಣಿಗೆ ಜಾಸ್ತಿ ಅಲ್ಲ. ಆದರೂ ಈ ಹೊಸ ಫಿಲ್ಟರನ್ನು ಪೂರ್ತಿ ಅವಧಿ ಬಿಡಬೇಡಿ, ಸಾವಿರ, ಸಾವಿರದೈನೂರು ಕಿ.ಮೀ. ಆದ ಮೇಲೆ ತೆಗೆದು ಮತ್ತೆ ಹೀಗೇ ಬಿಡಿಸಿ. ಆಗ ಸ್ವಲ್ಪ ಆಯಿಲ್ ಲ್ಯಾಬ್‌ಗೂ ಕಳಿಸಿ. ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಜೊತೆಗೆ ಪೆಟ್ರೋಲ್ ಬೆರೆತಿದೆಯಾ ಅಂತಲೂ ಹೇಳುತ್ತಾರೆ. ಒಂದೇ ವರದಿಯಿಂದ ತೀರ್ಮಾನಕ್ಕೆ ಬರಬೇಡಿ, ಎರಡು ಮೂರು ಜೋಡಿಸಿ ಏರುತ್ತಿದೆಯಾ ನೋಡಿ. ಮತ್ತೆ ಚುಕ್ಕಿ ಬಂದು, ಕೊಳವೆಯೂ ಒಂದು ಕಡೆ ಕಪ್ಪಾಗಿದ್ದರೆ, ಆಗ ಸಂಪ್ ಬಿಚ್ಚಿ ಕ್ಯಾಮೆರಾ.

ಇನ್ನೊಂದು ಮರೆತಿದ್ದೆ. ಡ್ಯೂರಾಮೆಟ್ರಿಕ್ ಥರದ ಪೋರ್ಷೆ ಓದುವ ಸಾಧನ ಯಾರ ಹತ್ತಿರವಾದರೂ ಇದ್ದರೆ ಎಂಜಿನ್ ಕಂಪ್ಯೂಟರಿನ ಓವರ್‌ರೆವ್ (ಎಂಜಿನ್ ಮಿತಿ ಮೀರಿ ವೇಗವಾಗಿ ತಿರುಗಿದ್ದು) ದಾಖಲೆ ತೆಗೆಸಿ. ರೇಂಜ್ 1 ಅಂದರೆ ಎಂಜಿನ್ ವೇಗ ತಡೆಯುವ ಲಿಮಿಟರ್ ಹತ್ತಿರ ಓಡಿದ್ದು, ಅದು ಇರಲಿ. ರೇಂಜ್ 2 ತಪ್ಪು ಗೇರ್‌ಗೆ ಇಳಿಸಿದಾಗ ಮಾತ್ರ ಬರುತ್ತದೆ, ಯಾವ ಗಂಟೆಯಲ್ಲಿ ಆಯ್ತು ಅಂತಲೂ ಬರೆದಿರುತ್ತದೆ. ಒಟ್ಟು ಓಡಿದ ಗಂಟೆಗೂ ಮೀಟರಿನ ಕಿ.ಮೀ.ಗೂ ತಾಳೆ ಆಗುತ್ತಾ ಅಂತ ಅಲ್ಲೇ ನೋಡಿಬಿಡಿ, ಖಾಲಿ ಪುಟಗಳ ಕಥೆ ಸ್ವಲ್ಪ ಗೊತ್ತಾದೀತು.

ಆ ಚುಕ್ಕಿಗಳ ಫೋಟೋ ಹಾಕಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ.