ಪದಚರ್ಚೆ: ಗಿಡ ‘ಜೋತುಬಿದ್ದಿದೆ’ಯೋ, ‘ಇಳಿಬಿಟ್ಟಿದೆ’ಯೋ?

ಎಲ್ಲರಿಗೂ ನಮಸ್ಕಾರ.

ಕುಂಡದಿಂದ ಸೊಂಪಾಗಿ ಕೆಳಗಿಳಿಯುವ ಗಿಡಕ್ಕೆ ನನಗೊಂದು ಪದ ಬೇಕಾಗಿದೆ. ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ಆ ಪದ ಇಲ್ಲದೆ ಹನ್ನೆರಡು ಸಸಿ ಕಳೆದುಕೊಂಡಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾವಿರುವುದು ಸಾಗರದ ಹತ್ತಿರದ ಹಳ್ಳಿಯಲ್ಲಿ. ಅಡಿಕೆ ತೋಟದ ಜೊತೆಗೆ ಮನೆ ಹಿಂದೆ ಸಣ್ಣದೊಂದು ನರ್ಸರಿ ಇದೆ. ‘ಸ್ಟ್ರಿಂಗ್ ಆಫ್ ಪರ್ಲ್ಸ್’ ಅಂತ ಮಾರುತ್ತಾರಲ್ಲ, ಹಸಿ ಬಟಾಣಿ ಪೋಣಿಸಿದ ಹಾಗೆ ಕುಂಡದ ಅಂಚಿನಿಂದ ಕೆಳಗೆ ಬರುವ ಗಿಡ, ಅದನ್ನು ಬೆಳೆಸುತ್ತೇನೆ. ನಾನು ಮುತ್ತಿನ ಗಿಡ ಅನ್ನುತ್ತೇನೆ. ಜೊತೆಗೆ ಹೃದಯದಾಕಾರದ ಎಲೆಯ ‘ಸ್ಟ್ರಿಂಗ್ ಆಫ್ ಹಾರ್ಟ್ಸ್’, ‘ಬರೋಸ್ ಟೇಲ್’. ಇವೂ ಹಾಗೆಯೇ ಕುಂಡದಿಂದ ಕೆಳಗೆ ಬರುವ ಗಿಡಗಳು. ಎಲ್ಲರೂ ಇವನ್ನು ತುಂಡು ಊರಿ ಬೆಳೆಸುತ್ತಾರೆ, ಅದೇ ಸುಲಭ. ಬರೋಸ್ ಟೇಲ್‌ನ ಎಲೆ ಕೈ ತಾಗಿದರೆ ಉದುರುತ್ತದೆ, ಉದುರಿದ ಎಲೆಯೇ ಬೇರು ಬಿಡುತ್ತದೆ. ನನಗೆ ಮಾತ್ರ ಬೀಜದಿಂದ ಒಮ್ಮೆ ಎಬ್ಬಿಸಿ ನೋಡಬೇಕು ಅಂತ ಬಹಳ ದಿನದ ಆಸೆ. ಮೊದಲ ಎರಡು ಎಲೆಯಿಂದ ಹಿಡಿದು ಬಳ್ಳಿಯಾಗುವವರೆಗೆ ಕಣ್ಣಾರೆ ಕಾಣಬೇಕು ಅಂತ.

ಪರಿಚಯದವರೊಬ್ಬರು ಮುತ್ತಿನ ಗಿಡದ ಬೀಜ ಕೊಟ್ಟರು. ಸ್ವಾತಿ ಮಳೆ ಮುಗಿಯುವವರೆಗೆ ಕಾದೆ. ಮಳೆಗಾಲದಲ್ಲಿ ಇಂಥ ಬೀಜ ಹಾಕಿದರೆ ನಮ್ಮ ಕಡೆ ಬೂಷ್ಟು ಹಿಡಿದೇ ಹೋಗುತ್ತದೆ. ಜರಡಿ ಹಿಡಿದ ಮರಳು ಎರಡು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು ಸೇರಿಸಿ, ಕುದಿಯುವ ನೀರು ಹೊಯ್ದು ಆರಲು ಬಿಟ್ಟೆ. ಬೀಜವನ್ನು ಮೇಲೆ ಉದುರಿಸಿ ಬೆರಳಿನಿಂದ ಮೆಲ್ಲಗೆ ಒತ್ತಿದೆ ಅಷ್ಟೆ, ಮಣ್ಣು ಮುಚ್ಚಲಿಲ್ಲ. ನೀರನ್ನು ಮೇಲಿನಿಂದ ಹಾಕದೆ, ತೂತಿನ ತಟ್ಟೆಯನ್ನು ನೀರಿನ ಬೋಗುಣಿಯಲ್ಲಿಟ್ಟು ಕೆಳಗಿನಿಂದ ಕುಡಿಸಿದೆ. ಮೇಲೆ ಒಂದು ಗಾಜು. ದಿನಾ ಬೆಳಗ್ಗೆ ಅದನ್ನು ತೆಗೆದು, ಕಟ್ಟಿದ ಹನಿ ಒರೆಸಿ, ಸ್ವಲ್ಪ ಗಾಳಿ ಆಡಿಸಿ ಮುಚ್ಚುತ್ತಿದ್ದೆ. ಎರಡು ವಾರಕ್ಕೆ ಮೊಳಕೆ ಕಂಡವು. ಒಟ್ಟು ಇಪ್ಪತ್ತು ಸಸಿ.

ಬೀಜದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ತುದಿಯಲ್ಲಿ ರೇಷ್ಮೆಯಂಥ ಬಿಳಿ ಕೂದಲು ಇರುತ್ತದೆ. ಪೊಟ್ಟಣ ಬಿಚ್ಚಿದ ತಕ್ಷಣ ಅಮ್ಮ ‘ಅಯ್ಯೋ, ಇದು ಅಜ್ಜನ ಗಡ್ಡ ಅಲ್ವಾ’ ಅಂದರು. ಎಕ್ಕದ ಕಾಯಿ ಒಡೆದು ಹಾರಿ ಬರುವ ಬೀಜಕ್ಕೆ ನಾವು ಚಿಕ್ಕಂದಿನಲ್ಲಿ ಹೇಳುತ್ತಿದ್ದದ್ದು ಅದೇ ಹೆಸರು. ಈ ಮುತ್ತಿನ ಗಿಡವನ್ನು ಸಸ್ಯಶಾಸ್ತ್ರದಲ್ಲಿ ಮೊದಲು ಸೆನೆಸಿಯೊ ಎಂಬ ಕುಲಕ್ಕೆ ಸೇರಿಸಿದ್ದರು, ಈಗ ಕ್ಯೂರಿಯೊ ಅನ್ನುತ್ತಾರೆ. ಸೆನೆಸಿಯೊ ಬಂದದ್ದು ಲ್ಯಾಟಿನ್ನಿನ ಸೆನೆಕ್ಸ್ ಎಂಬ ಪದದಿಂದ. ಹಾಗೆಂದರೆ ಮುದುಕ. ಕಾರಣವೂ ಅದೇ, ಬೀಜದ ಬಿಳಿ ಕೂದಲು. ಲ್ಯಾಟಿನ್ನಿನವರಿಗೆ ಕಂಡ ಮುದುಕ ನಮ್ಮ ಮಕ್ಕಳಿಗೂ ಕಂಡಿದ್ದಾನೆ ಅಂತ ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹೃದಯದಾಕಾರದ ಎಲೆಯ ಗಿಡವಂತೂ ಎಕ್ಕದ ಬಂಧುವೇ. ಅದರ ಕೋಡಿನಂಥ ಕಾಯಿ ಒಡೆದರೂ ಅಜ್ಜನ ಗಡ್ಡವೇ ಹಾರುವುದು.

ಈಗ ಮುಖ್ಯ ವಿಷಯ. ಸಸಿ ಮೊದಲು ನೆಟ್ಟಗೆ ಏಳುತ್ತದೆ. ಒಂದೊಂದೇ ಎಲೆ ಗುಂಡಗಾಗುತ್ತಾ ಬರುತ್ತದೆ. ಹತ್ತಿರದಿಂದ ನೋಡಿದರೆ ಪ್ರತಿ ಗುಂಡಿನ ಮೇಲೆ ಕಣ್ಣುರೆಪ್ಪೆ ಸ್ವಲ್ಪವೇ ತೆರೆದ ಹಾಗೆ ಒಂದು ತೆಳು ಗೀರು ಇದೆ. ಆ ಗೀರಿನ ಮೂಲಕ ಬೆಳಕು ಎಲೆಯ ಒಳಗೆ ಹೋಗುತ್ತದೆ. ಇಂಚಿನಷ್ಟು ಎತ್ತರ ಆದ ಮೇಲೆ ಎಳೆ ಕಾಂಡಕ್ಕೆ ಗುಂಡುಗಳ ಭಾರ ತಡೆಯುವುದಿಲ್ಲ. ಪಕ್ಕಕ್ಕೆ ವಾಲಿ ಮಲಗುತ್ತದೆ, ಮಲಗಿದಲ್ಲಿಂದ ಮುಂದಕ್ಕೆ ಹರಿಯುತ್ತದೆ. ಬಳ್ಳಿಯಾಗುವುದು ಶುರುವಾಗುವುದೇ ಅಲ್ಲಿ.

ಆ ಹೊತ್ತಿಗೆ ನಾನು ಮದುವೆಗೆಂದು ತೀರ್ಥಹಳ್ಳಿಗೆ ಹೊರಟಿದ್ದೆ. ದಾರಿಯಿಂದ ತಮ್ಮನಿಗೆ ಫೋನ್ ಮಾಡಿ, ‘ಮುತ್ತಿನ ಸಸಿ ಕೆಲವು ಜೋತುಬಿದ್ದಿವೆ, ಸ್ವಲ್ಪ ನೋಡ್ಕೊ’ ಅಂದೆ. ಖುಷಿಯಲ್ಲೇ ಹೇಳಿದ್ದು. ಅವನು ತೋಟದ ಕೆಲಸ ಚೆನ್ನಾಗಿ ಬಲ್ಲವನು. ಬುಡ ಕೊಳೆತ ಸಸಿ ಜೋತುಬೀಳುತ್ತದೆ, ಅದನ್ನು ತಕ್ಷಣ ಕಿತ್ತು ದೂರ ಎಸೆಯದಿದ್ದರೆ ಉಳಿದದ್ದಕ್ಕೂ ಹರಡುತ್ತದೆ. ಹಾಗೆಯೇ ಮಾಡಿದ. ಮಲಗಿದ್ದ ಹನ್ನೆರಡನ್ನೂ ಕಿತ್ತು ಗೊಬ್ಬರದ ಗುಂಡಿಗೆ ಹಾಕಿ, ನಿಂತಿದ್ದ ಎಂಟನ್ನು ಜೋಪಾನವಾಗಿ ಉಳಿಸಿದ್ದ. ‘ಅಕ್ಕಾ, ಜೋತುಬಿದ್ದಿದೆ ಅಂತ ನೀನೇ ಹೇಳಿದ್ಯಲ್ಲ’ ಅಂದ. ಅವನ ತಪ್ಪೇನೂ ಇಲ್ಲ. ಕನ್ನಡದಲ್ಲಿ ನಾನು ಹೇಳಿದ್ದರ ಅರ್ಥ ಅದೇ.

ಅಂದಿನಿಂದ ಈ ಪದಗಳನ್ನು ತೂಗಿ ನೋಡುತ್ತಿದ್ದೇನೆ. ಜೋಲು, ಜೋತುಬೀಳು ಎರಡರಲ್ಲೂ ಸೋತ ಭಾವ ಜಾಸ್ತಿ. ಜೋಲುಮೋರೆ ನೆನಪು ಮಾಡಿಕೊಳ್ಳಿ. ನೀರಿಲ್ಲದ ಬಸಳೆ ಜೋತುಬೀಳುತ್ತದೆ. ಒರಗು, ಮಲಗು ಅಂದರೆ ಭತ್ತದ ಗದ್ದೆ ಕಣ್ಣಿಗೆ ಬರುತ್ತದೆ. ಗಾಳಿಮಳೆಗೆ ಪೈರು ಮಲಗಿತು ಅಂದರೆ ನಷ್ಟ. ಹಬ್ಬು ಒಳ್ಳೆಯ ಪದ. ಹಳಗನ್ನಡದ ಪರ್ಬು, ಅದರಲ್ಲಿ ಸೊಂಪು ಇದೆ. ಆದರೆ ಹಬ್ಬುವುದು ನೆಲದ ಮೇಲೆ ಅಥವಾ ಚಪ್ಪರದ ಮೇಲೆ. ಹಂಬು ಕೂಡ ಹಾಗೆಯೇ, ಮೆಣಸಿನ ಹಂಬು ನೆಲ ಹಿಡಿದು ಹರಿಯುತ್ತದೆ ಅಥವಾ ಮರ ಹತ್ತುತ್ತದೆ. ತೂಗುಗಿಡ ಅನ್ನೋಣವೆಂದರೆ, ನಿಜವಾಗಿ ತೂಗುವುದು ಕುಂಡ, ಗಿಡವಲ್ಲ. ನೇತಾಡು ನನಗೆ ಇಷ್ಟವಾಗಲಿಲ್ಲ.

ಇನ್ನೊಂದು ತೊಡಕು. ಮುತ್ತಿನ ಗಿಡ ತನ್ನ ಊರಿನಲ್ಲಿ ಕೆಳಗೆ ಇಳಿಯುವ ಗಿಡವೇ ಅಲ್ಲ. ದಕ್ಷಿಣ ಆಫ್ರಿಕಾದ ಒಣ ಜಾಗಗಳಲ್ಲಿ ಪೊದೆಗಳ ನೆರಳಲ್ಲಿ ನೆಲದ ಮೇಲೆಯೇ ಹಬ್ಬುತ್ತದೆ, ತಾಗಿದಲ್ಲಿ ಬೇರು ಬಿಡುತ್ತದೆ. ನಾವು ಎತ್ತರದ ಕುಂಡದಲ್ಲಿ ಇಟ್ಟದ್ದರಿಂದ ಕಾಲಡಿಯ ನೆಲ ಮುಗಿದು ಕೆಳಗೆ ಬರುತ್ತದೆ. ಹೃದಯದ ಗಿಡ ಹಾಗಲ್ಲ. ಅದನ್ನು ಜಾನ್ ಮೆಡ್ಲಿ ವುಡ್ ಎಂಬವರು 1881ರಲ್ಲಿ ಅದೇ ದೇಶದ ನಟಾಲಿನಲ್ಲಿ ಕಂಡಾಗಲೇ ಅದು ಬಂಡೆಗಳಿಂದ ಕೆಳಗೆ ಇಳಿದಿತ್ತು. ಎರಡಕ್ಕೂ ಒಂದೇ ಪದ ಸಾಕೇ ಅನ್ನುವುದೂ ನನ್ನ ಪ್ರಶ್ನೆ.

ಉತ್ತರದ ತುದಿ ಸಿಕ್ಕಿದ್ದು ಅಮ್ಮನ ಬಾಯಲ್ಲಿ. ಹಳೆಯ ಕುಂಡವೊಂದನ್ನು ನೋಡಿ ‘ಎಷ್ಟು ಚೆನ್ನಾಗಿ ಇಳಿಬಿಟ್ಟಿದೆ ನೋಡು’ ಅಂದರು. ತಲೆಗೂದಲು ಇಳಿಬಿಡುತ್ತೇವಲ್ಲ, ಅದೇ ಮಾತು. ಬರೀ ಇಳಿ ಅಂದಿದ್ದರೆ ಮತ್ತೆ ಸೊರಗಿದ ಅರ್ಥವೇ ಬರುತ್ತಿತ್ತು, ಮೈ ಇಳಿದಿದೆ, ಮುಖ ಇಳಿದಿದೆ ಅನ್ನುವ ಹಾಗೆ. ಬಿಡು ಸೇರಿದ ಕೂಡಲೆ ಅರ್ಥವೇ ಬದಲಾಯಿತು. ಗಿಡ ಹೂ ಬಿಡುತ್ತದೆ, ಕಾಯಿ ಬಿಡುತ್ತದೆ, ಬೇರು ಬಿಡುತ್ತದೆ. ಆಲದ ಮರ ಬಿಳಲು ಬಿಡುತ್ತದೆ. ಜೀವವಿರುವ ಗಿಡ ತಾನಾಗಿ ಮಾಡುವ ಕೆಲಸಕ್ಕೆಲ್ಲ ಕನ್ನಡ ಬಿಡು ಅನ್ನುತ್ತದೆ. ಗಿಡದ ಮೇಲೆ ಬಂದೆರಗುವುದಕ್ಕೆ ಬೀಳು, ಹುಳ ಬಿತ್ತು, ರೋಗ ಬಿತ್ತು, ಜೋತುಬಿತ್ತು. ಅವತ್ತು ಫೋನಿನಲ್ಲಿ ‘ಇಳಿಬಿಡುವುದಕ್ಕೆ ಶುರು ಮಾಡಿವೆ’ ಅಂದಿದ್ದರೆ ತಮ್ಮ ಕೈ ಹಚ್ಚುತ್ತಿರಲಿಲ್ಲ.

ಕ್ರಿಯಾಪದ ಸಿಕ್ಕಿತು, ನಾಮಪದ ಇನ್ನೂ ಇಲ್ಲ. ಕುಂಡಕ್ಕೆ ಸಿಕ್ಕಿಸುವ ಚೀಟಿಯಲ್ಲಿ ‘ಇಳಿಬಿಡುವ ದಪ್ಪೆಲೆ ಗಿಡ’ ಅಂತ ಬರೆಯುವಷ್ಟು ಜಾಗವಿಲ್ಲ. ದಪ್ಪೆಲೆ ನನ್ನ ಸ್ವಂತದ್ದು. ಪಠ್ಯಪುಸ್ತಕದ ‘ರಸಭರಿತ ಸಸ್ಯ’ ಅಂದರೆ ಮಾವಿನಹಣ್ಣೇ ನೆನಪಾಗುತ್ತದೆ. ಇಳಿಬಳ್ಳಿ ಅನ್ನಬಹುದೇ? ತೊಂಗಲು ಎಂಬ ಹಳೆಯ ಪದವೂ ಇದೆ, ಗೊಂಚಲು, ಕುಚ್ಚು ಅನ್ನುವ ಅರ್ಥದಲ್ಲಿ. ನನಗೆ ಹೆಚ್ಚು ಒಲವು ದಂಡೆಯ ಕಡೆಗೆ, ಅಂದರೆ ಮುಡಿಯುವ ಹೂಮಾಲೆ. ಮಳೆ ಹಿಡಿಯುವ ಹೊತ್ತಿಗೆ ನಮ್ಮ ಹಲಸಿನ ಮರದಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡ್ ಹೂ ಬಿಡುತ್ತದೆ. ಮುಡಿಯಲು ಕಟ್ಟಿಟ್ಟ ಹಾಗೆ ಕೆಳಮುಖವಾಗಿ ಇಳಿದಿರುತ್ತದೆ. ಅದನ್ನು ನೋಡಿ ಬಾಡಿದೆ ಅಂತ ಯಾರೂ ಅನ್ನುವುದಿಲ್ಲ. ಹಾಗಿದ್ದರೆ ಮುತ್ತಿನ ದಂಡೆ, ಹೃದಯದ ದಂಡೆ ಅನ್ನಬಹುದಲ್ಲವೇ? ಆದರೆ ನದಿಯ ದಂಡೆಯೇ ಮೊದಲು ನೆನಪಾಗುವ ಬಯಲುಸೀಮೆಯವರಿಗೆ ಇದು ಕಿವಿಗೆ ಹೇಗೆ ಕೇಳುತ್ತದೆ?

ನಿಮ್ಮ ಕಡೆ ಹೀಗೆ ಸೊಂಪಾಗಿ ಕೆಳಗಿಳಿಯುವ ಬಳ್ಳಿಗೆ ಏನು ಹೇಳುತ್ತಾರೆ, ದಯವಿಟ್ಟು ಊರಿನ ಹೆಸರಿನ ಜೊತೆ ಬರೆಯಿರಿ. ಅಜ್ಜನ ಗಡ್ಡಕ್ಕೆ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ. ಉಳಿದ ಎಂಟು ಸಸಿಗಳು ಈಗ ಕುಂಡದ ಅಂಚು ದಾಟಿವೆ. ಅವುಗಳ ಚೀಟಿ ಇನ್ನೂ ಖಾಲಿ ಇಟ್ಟಿದ್ದೇನೆ.